ಲ್ಯಾಬಿಗೆ ಹೋಗೋ ಮುಂಚಿನ ಎರಡು ದಿನ

ಸೋಮವಾರ ಬೆಳಿಗ್ಗೆ ಬ್ಲಡ್ ಟೆಸ್ಟು ಅಂದ್ರೆ ಶನಿವಾರದಿಂದ ನಿಮ್ಮನೇಲಿ ಏನು ನಡೆಯುತ್ತೆ ಅಂತ ನಾನು ಹೇಳ್ಲಾ? ಕಾಫಿಗೆ ಸಕ್ಕರೆ ಬಂದ್. ಅನ್ನ ಒಂದೇ ಸೌಟು. ಭಾನುವಾರ ಮಧ್ಯಾಹ್ನ ಎಲ್ಲರೂ ಒಬ್ಬಟ್ಟಿಗೆ ತುಪ್ಪ ಹಾಕಿಸ್ಕೊಳ್ತಿದ್ರೆ ನೀವೊಬ್ಬರು ಸೌತೆಕಾಯಿ ಹೋಳು ಹಿಡ್ಕೊಂಡು ಸನ್ಯಾಸ ತಗೊಂಡೋರ ಮುಖ ಮಾಡ್ತೀರಿ. (ಮನೆಯವರು ನಗು ತಡ್ಕೊಂಡಿರ್ತಾರೆ. ನಿಮಗೆ ಕಾಣಲ್ಲ, ಅಷ್ಟೆ.)

ಸೋಮವಾರ ರಕ್ತ ಕೊಟ್ರಿ. ತೋಳಿಗೆ ಹತ್ತಿ ಒತ್ಕೊಂಡು ಹೊರಗೆ ಬಂದ್ರಿ. ಆಮೇಲೆ ನೇರ ಎಲ್ಲಿಗೆ? ಹೇಳಿ, ನಾಚ್ಕೋಬೇಡಿ. ಪಕ್ಕದ ದರ್ಶಿನಿಗೆ ತಾನೇ? ಖಾಲಿ ಹೊಟ್ಟೇಲಿ ಬಂದಿದ್ದೀನಿ ಪಾಪ ಅಂತ ನಿಮಗೆ ನೀವೇ ಮರುಕಪಟ್ಟು ಒಂದು ಚೌ ಚೌ ಬಾತ್. ಅದರಲ್ಲೂ ಕೇಸರಿ ಬಾತ್ ಕಡೆಗೇ ಚಮಚ ಮೊದಲು.

ಸಂಜೆ ಮೊಬೈಲಿಗೆ ರಿಪೋರ್ಟ್ ಬಂತು. ಫಾಸ್ಟಿಂಗ್ ಶುಗರ್ 98. ಆಹಾ! ಫ್ಯಾಮಿಲಿ ಗ್ರೂಪಿಗೆ ಸ್ಕ್ರೀನ್‌ಶಾಟ್ ಹೋಯ್ತು, ಭಾವನವರು ಹೆಬ್ಬೆರಳು ಒತ್ತಿದ್ರು. ಆದ್ರೆ ಸ್ವಲ್ಪ ಕೆಳಗೆ ಇನ್ನೊಂದು ಸಾಲು ಇತ್ತಲ್ಲ, ಸ್ಕ್ರೀನ್‌ಶಾಟಲ್ಲಿ ಕತ್ತರಿಸಿ ತೆಗೆದ್ರಲ್ಲ, ಅದೇನದು? ಎಚ್‌ಬಿಎ1ಸಿ, 6.3. ಅದೊಂದು ಯಾಕೆ ಹೀಗೆ ಕೈಕೊಡ್ತು ಅಂತ ತಲೆ ಕೆರ್ಕೊಳ್ತಿದ್ದೀರಾ?

ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ ಕಣ್ರೀ. ಅಷ್ಟೂ ದಿನ ರಕ್ತದಲ್ಲಿ ಎಷ್ಟು ಸಕ್ಕರೆ ಓಡಾಡ್ತೋ ಅದಕ್ಕೆ ತಕ್ಕಷ್ಟು ಅದರೊಳಗಿನ ಹಿಮೋಗ್ಲೋಬಿನ್‌ಗೆ ಅಂಟ್ಕೊಳ್ಳುತ್ತೆ. ಅಂಟಿದ್ದು ಸುಲಭಕ್ಕೆ ಬಿಡಲ್ಲ. ಎಚ್‌ಬಿಎ1ಸಿ ಅಳೆಯೋದು ಅದನ್ನೇ. ಅಂದ್ರೆ ಹೆಚ್ಚೂಕಮ್ಮಿ ಮೂರು ತಿಂಗಳ ಕಥೆ. ನೀವು ಡಾಕ್ಟರ ಕಣ್ಣು ತಪ್ಪಿಸಬಹುದು, ಹೆಂಡತಿ ಕಣ್ಣು ತಪ್ಪಿಸಬಹುದು (ಅನುಮಾನ), ನಿಮ್ಮೊಳಗೇ ಕೂತು ಲೆಕ್ಕ ಬರೆಯೋ ಈ ಚಿತ್ರಗುಪ್ತನ ಕಣ್ಣು ತಪ್ಪಿಸಕ್ಕಾಗಲ್ಲ. ಕಳೆದ ತಿಂಗಳ ನಾಮಕರಣದ ಎರಡನೇ ಜಹಾಂಗೀರೂ ಅದರಲ್ಲಿದೆ.

ಲೆಕ್ಕ ಹೀಗೆ: 5.7ಕ್ಕಿಂತ ಕಮ್ಮಿ ಇದ್ರೆ ಸರಿ. 6.5 ಮುಟ್ಟಿದ್ರೆ ಡಯಾಬಿಟಿಸ್. ನಡುವೆ ಇರೋದು ಪ್ರಿ-ಡಯಾಬಿಟಿಸ್, ಹೊಸ್ತಿಲ ಮೇಲೆ ನಿಂತಿದ್ದೀರಿ ಅಂತ. ನೀವೊಬ್ಬರೇ ಅಂತ ಬೇಜಾರು ಮಾಡ್ಕೋಬೇಡಿ, ಆ ಹೊಸ್ತಿಲಲ್ಲಿ ಭಾರೀ ನೂಕುನುಗ್ಗಲು. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಡಯಾಬಿಟಿಸ್ ಇರೋರು ಸುಮಾರು 10.1 ಕೋಟಿ, ಪ್ರಿ-ಡಯಾಬಿಟಿಸ್‌ನೋರು 13.6 ಕೋಟಿ.

ಆ ಹೊಸ್ತಿಲಿಂದ ಎಲ್ಲರೂ ಒಳಗೇ ಹೋಗ್ಬೇಕಾ? ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ ಇದನ್ನೇ ಪರೀಕ್ಷೆ ಮಾಡಿ ನೋಡಿದ್ರು. 2006ರಲ್ಲಿ ಪ್ರಕಟವಾದ ಅಧ್ಯಯನ. ಸಕ್ಕರೆ ಅರ್ಧ ದಾರಿ ಏರಿದ್ದ 531 ಜನರನ್ನ ನಾಲ್ಕು ಗುಂಪು ಮಾಡಿದ್ರು. ಒಂದು ಗುಂಪಿಗೆ ಮಾಮೂಲಿ ಸಲಹೆ. ಇನ್ನೊಂದಕ್ಕೆ ದಿನಾ ಅರ್ಧ ಗಂಟೆ ಚುರುಕು ನಡಿಗೆ, ಸಕ್ಕರೆ-ಎಣ್ಣೆ ಕಮ್ಮಿ. ಮೂರನೇದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ. ನಾಲ್ಕನೇದಕ್ಕೆ ಎರಡೂ.

ಮೂರು ವರ್ಷ ಆದ ಮೇಲೆ ನೋಡಿದ್ರೆ, ಮಾಮೂಲಿ ಗುಂಪಲ್ಲಿ ನೂರಕ್ಕೆ 55 ಜನಕ್ಕೆ ಡಯಾಬಿಟಿಸ್ ಬಂದಿತ್ತು. ನಡೆದೋರಲ್ಲಿ 39. ಮಾತ್ರೆ ನುಂಗಿದೋರಲ್ಲಿ ಸುಮಾರು 40. ಎರಡೂ ಮಾಡಿದೋರಲ್ಲೂ ಹೆಚ್ಚೂಕಮ್ಮಿ ಅಷ್ಟೇ! ಅಂದ್ರೆ ಕಾಲು ಮಾಡೋ ಕೆಲಸ ಮಾತ್ರೆಗೆ ಸಮ. ತಮಾಷೆ ಏನಪ್ಪಾ ಅಂದ್ರೆ, ನಡೆದೋರ ತೂಕ ಹೇಳ್ಕೊಳ್ಳೋವಷ್ಟು ಇಳಿದೇ ಇರಲಿಲ್ಲ. ಆದ್ರೂ ಫಲ ಸಿಕ್ತು. (ಹಂಗಂತ ಡಾಕ್ಟರು ಈಗಾಗ್ಲೇ ಕೊಟ್ಟಿರೋ ಮಾತ್ರೆ ನಿಲ್ಲಿಸಿ ಶೂ ಹಾಕ್ಕೋಬೇಡಿ. ಅವರನ್ನ ಕೇಳದೆ ಏನೂ ಬೇಡ.)

ಈಗ ನೀವು ಹೇಳೋದು ನನಗೆ ಕೇಳಿಸ್ತಿದೆ: “ನಾನು ದಿನಾ ವಾಕಿಂಗ್ ಹೋಗ್ತೀನಲ್ಲ!” ಹೋಗ್ತೀರಿ, ಒಪ್ಪಿದೆ. ಲಾಲ್‌ಬಾಗಲ್ಲೋ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೋ ನಿಮ್ಮನ್ನ ನೋಡಿದೋರಿದ್ದಾರೆ. ನಡೆಯೋದನ್ನ ನೋಡಿದೋರು ಮಾತ್ರ ಕಮ್ಮಿ.

ನಾಲ್ಕು ಜನ ಸ್ನೇಹಿತರು ಒಟ್ಟಿಗೆ ಹೊರಡ್ತೀರಿ. ನೂರು ಹೆಜ್ಜೆ ಸರಾಗ. ಅಷ್ಟರಲ್ಲಿ ಯಾರೋ ಯಲಹಂಕದ ಸೈಟಿನ ರೇಟು ಎತ್ತುತ್ತಾರೆ. ಇನ್ನೊಬ್ಬರು ಯಾವುದೋ ಮಂತ್ರಿ ಸುದ್ದಿ ತೆಗೀತಾರೆ. ವಾದ ಬಿಸಿ ಏರ್ತಾ ಏರ್ತಾ ಕಾಲು ತಣ್ಣಗಾಗ್ತಾ ಬರುತ್ತೆ. ಕೊನೆಗೆ ದಾರಿ ಮಧ್ಯೆ ನಾಲ್ವರೂ ನಿಂತೇಬಿಡ್ತೀರಿ. ಹಿಂದಿಂದ ಬರೋ ಹುಡುಗಿ “ಅಂಕಲ್, ಎಕ್ಸ್‌ಕ್ಯೂಸ್ ಮಿ” ಅಂದಾಗಲೇ ಎಚ್ಚರ. ಅಂಕಲ್ ಅಂದ್ಲಲ್ಲ ಅಂತ ಅದಕ್ಕೊಂದು ಐದು ನಿಮಿಷ ಬೇಜಾರು.

ಚುರುಕು ನಡಿಗೆ ಅಂದ್ರೆ ಎಷ್ಟು ಚುರುಕು? ಅದಕ್ಕೆ ವಾಚು ಬೇಡ, ಆ್ಯಪ್ ಬೇಡ. ನಡೀತಾ ಮಾತಾಡಕ್ಕಾಗಬೇಕು, ಹಾಡಕ್ಕಾಗಬಾರದು. ಅಷ್ಟೆ ಪರೀಕ್ಷೆ. ರಾಗವಾಗಿ ಹಾಡ್ಕೊಂಡೇ ಒಂದು ಸುತ್ತು ಮುಗಿಸ್ತೀರಿ ಅಂದ್ರೆ ಅದು ಮೆರವಣಿಗೆ. ಮಾತೂ ಹೊರಡ್ತಿಲ್ಲ ಅಂದ್ರೆ ಸ್ವಲ್ಪ ನಿಧಾನ ಮಾಡಿ, ನಿಮ್ಮನ್ನ ಎತ್ಕೊಂಡು ಬರೋದು ಆ ಮೂವರ ಕೈಲಾಗಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಕೇಳೋದು ವಾರಕ್ಕೆ ಕನಿಷ್ಠ 150 ನಿಮಿಷ. ಭಾಗಿಸಿ ನೋಡಿ, ದಿನಕ್ಕೆ 22 ನಿಮಿಷವೂ ಪೂರ್ತಿ ಆಗಲ್ಲ. ಜಾಹೀರಾತು ತೆಗೆದ್ರೆ ನಿಮ್ಮ ಒಂದು ಸೀರಿಯಲ್ ಎಪಿಸೋಡಿನಷ್ಟು. ಟೈಮಿಲ್ಲ ಅಂತೀರಲ್ಲ, ಆ ಸೀರಿಯಲ್ ಅತ್ತೆ ಬಾಗಿಲಲ್ಲಿ ನಿಂತು ಮೂರು ಸಲ ತಿರುಗೋದನ್ನ ನೋಡೋದಕ್ಕೆ ಟೈಮಿದೆ!

ಸರಿ, ವಾಕಿಂಗ್ ಮುಗೀತು. ಗೇಟಿನ ಹತ್ರ ಒಬ್ಬ ಹಾಗಲಕಾಯಿ ಜ್ಯೂಸ್ ಇಟ್ಕೊಂಡಿರ್ತಾನೆ. ಮೂಗು ಹಿಡ್ಕೊಂಡು ಒಂದು ಲೋಟ ಏರಿಸ್ತೀರಿ. ಕಹಿ ಕುಡಿದಿದ್ದಕ್ಕೆ ಪುಣ್ಯ ಬಂತು ಅಂತ ಒಂದು ಲೆಕ್ಕ. ಲಾಲ್‌ಬಾಗಿನವರಾದ್ರೆ ಎಂಟಿಆರ್ ಅಲ್ಲೇ ಇದೆ, 1924ರಲ್ಲಿ ಶುರುವಾದ ಹೋಟ್ಲು, ನಿಮಗೋಸ್ಕರ ಕಾದಿದೆ. ಮೈಸೂರಿನವರಾದ್ರೆ ಮೈಲಾರಿ. ಎಲ್ಲಾದ್ರೂ ಸರಿ, ಒಂದು ಮಸಾಲೆ ದೋಸೆ. ಕಹಿ ತೆಗೀಬೇಕಲ್ಲ ಬಾಯಿಂದ!

ಸಣ್ಣ ಗಣಿತ ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಅರವತ್ತು-ಅರವತ್ತೈದು ಕೆಜಿ ತೂಗೋರು ಒಂದು ಕಿಲೋಮೀಟರ್ ನಡೆದ್ರೆ ಕರಗೋದು ಸುಮಾರು 50 ಕ್ಯಾಲೊರಿ. ಒಂದು ಟೀ ಚಮಚ ತುಪ್ಪದಲ್ಲಿರೋದು ಸುಮಾರು 45. ಅಂದ್ರೆ ಒಂದು ಚಮಚಕ್ಕೆ ಒಂದು ಕಿಲೋಮೀಟರ್. ದೋಸೆ ಹಿಟ್ಟು ಬೇರೆ, ಪಲ್ಯ ಬೇರೆ, ಮೇಲೆ ಕೂತಿರೋ ಬೆಣ್ಣೆ ಬೇರೆ. ಮಸಾಲೆ ದೋಸೆ ತೀರಿಸಕ್ಕೆ ಅಂತ ನಡೆಯೋದಾದ್ರೆ ನೀವು ಮಾಗಡಿ ರೋಡ್ ಹಿಡಿದು ಹೊರಡಬೇಕಾಗುತ್ತೆ.

ಹಂಗಾದ್ರೆ ನಡೆದಿದ್ದು ದಂಡಾನಾ? ಬಿಲ್ಕುಲ್ ಅಲ್ಲ. ನಿಮ್ಮ ತಪ್ಪು ಎಲ್ಲಿ ಅಂದ್ರೆ, ನಡಿಗೆಯನ್ನ ದೋಸೆಯ ಬಿಲ್ ಕಟ್ಟೋ ದುಡ್ಡು ಅಂದ್ಕೊಂಡಿರೋದು. ನಡಿಗೆ ಮಾಡೋ ಉಪಕಾರ ಬೇರೆ ಥರದ್ದು. ತೊಡೆ, ಮೀನಖಂಡದ ಸ್ನಾಯುಗಳು ಕೆಲಸಕ್ಕೆ ಇಳಿದ್ರೆ ಇನ್ಸುಲಿನ್ ದಾರಿ ಕಾಯದೆ ತಾವೇ ರಕ್ತದಿಂದ ಗ್ಲೂಕೋಸ್ ಎಳ್ಕೊಳ್ತವೆ. ಬಿಪಿ ಸ್ವಲ್ಪ ಇಳಿಯುತ್ತೆ. ನಿದ್ದೆ ಚೆನ್ನಾಗಿ ಬರುತ್ತೆ. ಇದೆಲ್ಲ ಸಿಗೋದು ದಿನಾ ನಡೆಯೋರಿಗೆ. ಭಾನುವಾರ ನಂದಿಬೆಟ್ಟ ಹತ್ತಿ, ಸೋಮವಾರದಿಂದ ಶನಿವಾರದವರೆಗೆ ಸೋಫಾ ಹತ್ತೋರಿಗೆ ಇದರಲ್ಲಿ ಸಿಗೋದು ಕಮ್ಮಿ.

ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಅಂತ ಒಬ್ಬ ಡಾಕ್ಟರಿದ್ರು. ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರು, ಕಂಡಕ್ಟರುಗಳ ಹೃದಯದ ಕಥೆ ಕೆದಕಿ 1953ರಲ್ಲಿ ಪ್ರಕಟಿಸಿದ್ರು. ಡ್ರೈವರು ಇಡೀ ದಿನ ಕೂತಿರೋನು. ಕಂಡಕ್ಟರು ಟಿಕೆಟ್ ಕೊಡ್ತಾ ಮೆಟ್ಟಿಲು ಹತ್ತಿ ಇಳಿಯೋನು. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಮ್ಮಿ. ಅವನೇನು ಜಿಮ್ಮಿಗೆ ಹೋಗಿರಲಿಲ್ಲ, “ರೈಟ್ ರೈಟ್” ಅಂತ ತನ್ನ ಕೆಲಸ ಮಾಡ್ಕೊಂಡಿದ್ದ.

ನೀವು? ಜಿಮ್ಮಿಗೆ ವರ್ಷದ ಫೀಸ್ ಕಟ್ಟಿದ್ದೀರಿ, ಜಿಮ್ ಇರೋದು ಮೊದಲನೇ ಮಹಡೀಲಿ, ಕೆಳಗೆ ಲಿಫ್ಟಿಗೆ ಕಾಯ್ತಾ ನಿಂತಿದ್ದೀರಿ. ಇದಕ್ಕೆ ನಾನೇನೂ ಸೇರಿಸಲ್ಲ.

ಇನ್ನು ನಿಮ್ಮ ಕೈಗೆ ಕಟ್ಟಿರೋ ಆ ವಾಚು. ಹತ್ತು ಸಾವಿರ ಹೆಜ್ಜೆ ಆಗ್ಲಿಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಗಿರಗಿಟ್ಲೆ ತಿರುಗೋದು, ಸೀರಿಯಲ್ ನೋಡ್ತಾ ಕೈ ಮಾತ್ರ ಅಲ್ಲಾಡಿಸೋದು, ಮೊಮ್ಮಗನ ಕೈಗೆ ಕಟ್ಟಿ ಆಟಕ್ಕೆ ಬಿಡೋದು (ಎಲ್ಲ ಗೊತ್ತು ಬಿಡಿ). ಈ ಹತ್ತು ಸಾವಿರ ಎಲ್ಲಿಂದ ಬಂತು ಗೊತ್ತಾ? ಜಪಾನಿನ ಒಂದು ಕಂಪನಿ 1965ರಲ್ಲಿ ಹೆಜ್ಜೆ ಎಣಿಸೋ ಯಂತ್ರ ಮಾರಾಟಕ್ಕೆ ಬಿಟ್ಟಾಗ ಆರಿಸ್ಕೊಂಡ ರೌಂಡ್ ನಂಬರ್ ಅದು. ವ್ಯಾಪಾರ, ವೈದ್ಯ ಅಲ್ಲ.

2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನ ಏನು ಹೇಳ್ತು? ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕೋರಿಗಿಂತ 4,400 ಹಾಕೋರಲ್ಲಿ ಸಾವು ಕಮ್ಮಿ. 7,500ರ ಹತ್ರ ಹೋದ ಮೇಲೆ ಹೆಚ್ಚಿನ ಲಾಭ ಕಾಣ್ಲಿಲ್ಲ. ಅದಕ್ಕೇ ಹೇಳೋದು, ಮೊಮ್ಮಗನ ಕೈಯಿಂದ ವಾಚು ಬಿಚ್ಚಿ. ಅವನ ಹೆಜ್ಜೆ ಅವನಿಗೇ ಇರ್ಲಿ.

ಈಗ ಸಕ್ಕರೆ ವಿಷಯಕ್ಕೆ ಬರೋಣ. ಮುಖ ತಿರುಗಿಸ್ಬೇಡಿ! “ನಾನು ಸಕ್ಕರೆ ಬಿಟ್ಟು ಎಷ್ಟು ಕಾಲ ಆಯ್ತು, ಬೆಲ್ಲದ ಕಾಫಿ ಕುಡಿಯೋದು” ಅಂತೀರಿ, ಅದೂ ಎದೆ ಉಬ್ಬಿಸಿ. ಬೆಲ್ಲ ಯಾವುದರಿಂದ ಬಂತು? ಕಬ್ಬು. ಸಕ್ಕರೆ? ಅದೇ ಕಬ್ಬು, ಅದೇ ಮಂಡ್ಯ. ಬೆಲ್ಲದಲ್ಲಿ ಚೂರು ಕಬ್ಬಿಣ, ಚೂರು ಖನಿಜ ಇರಬಹುದು, ಮಿಕ್ಕಿದ್ದೆಲ್ಲ ಸಕ್ಕರೆಯೇ. ನಿಮ್ಮ ರಕ್ತಕ್ಕೆ ಬಣ್ಣ ನೋಡಿ ಮರ್ಯಾದೆ ಕೊಡೋ ಅಭ್ಯಾಸ ಇಲ್ಲ.

“ಅಯ್ಯೋ, ನಾನು ಕುಡಿಯೋದು ಬರೀ ಬೈಟು” ಅಂತ ಇನ್ನೊಂದು ರಾಗ. ಬೆಳಿಗ್ಗೆ ಎದ್ದ ತಕ್ಷಣ ಒಂದು, ಪೇಪರ್ ಜೊತೆ ಒಂದು, ಹನ್ನೊಂದಕ್ಕೆ ಆಫೀಸಲ್ಲಿ ಬೈಟು, ಮೂರಕ್ಕೆ ಬೈಟು, ಐದಕ್ಕೆ ಯಾರೋ ಬಂದ್ರು ಅಂತ ಮರ್ಯಾದೆಗೆ ಒಂದು. ಒಂದೊಂದಕ್ಕೆ ಎರಡು ಚಮಚ ಅಂದ್ರೆ ಎಷ್ಟಾಯ್ತು? ಬೈಟು ಎರಡು ಸೇರಿಸಿದ್ರೆ ಒಂದು ಫುಲ್ಲೇ ಅಲ್ವಾ? ಒಟ್ಟು ನಾಲ್ಕು ಲೋಟ, ಎಂಟು ಚಮಚ, ಚಮಚಕ್ಕೆ 4 ಗ್ರಾಂನಂತೆ 32 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸೋದು. ಕಾಫಿಯಲ್ಲೇ ಗಡಿ ದಾಟಿದ್ರಿ. ಬಿಸ್ಕತ್ತಿನ ಪ್ಯಾಕೆಟ್ ಇನ್ನೂ ಬಿಚ್ಚಿಲ್ಲ.

ಒಂದೇ ದಿನ ಪೂರ್ತಿ ಬಿಡ್ಬೇಡಿ. ಬಿಟ್ರೆ ಮೂರನೇ ದಿನ ಡಬ್ಬಿಗೆ ಕೈ ಹಾಕ್ತೀರಿ, ಮನೆ ಮಂದಿ ಮೇಲೆ ರೇಗ್ತೀರಿ. ಎರಡು ಚಮಚ ಇದ್ದಿದ್ದನ್ನ ಒಂದೂವರೆ ಮಾಡಿ. ಎರಡು ವಾರಕ್ಕೆ ನಾಲಿಗೆ ಒಗ್ಗುತ್ತೆ. ಆಮೇಲೆ ಒಂದು. ಒಳ್ಳೆ ಡಿಕಾಕ್ಷನ್ ಇದ್ದೋರಿಗೆ ಸಕ್ಕರೆ ಯಾಕ್ರೀ? (ಚಿಕೋರಿ ಜಾಸ್ತಿ ಹಾಕಿಸಿ ಪುಡಿ ತಂದ್ರೆ ಆ ಮಾತು ಬೇರೆ.)

ಇನ್ನು ರಾಗಿಯವರು. “ಶುಗರ್ ಇದೆ, ಅದಕ್ಕೇ ಮುದ್ದೆ” ಅಂತ ತಟ್ಟೆ ತುಂಬ ಒಂದು ಗುಂಡು ಇಟ್ಕೊಳ್ತೀರಿ. ರಾಗಿ ಒಳ್ಳೇದೇ, ನಾರು ಜಾಸ್ತಿ, ಕ್ಯಾಲ್ಸಿಯಂ ಧಾರಾಳ. ಆದ್ರೆ ರಾಗಿಯಲ್ಲೂ ಪಿಷ್ಟ ಇದೆ, ಅಗಿಯದೆ ನುಂಗಿದ್ರೂ ಅದು ಒಳಗೆ ಹೋಗಿ ಸಕ್ಕರೆಯೇ ಆಗೋದು. ಮುದ್ದೆ ಚಿಕ್ಕದಿರ್ಲಿ, ಪಕ್ಕದ ಬಸ್ಸಾರಿನಲ್ಲಿ ಸೊಪ್ಪು-ಕಾಳು ಜಾಸ್ತಿ ಇರ್ಲಿ. ಬರೀ ತಿಳಿಯಲ್ಲಿ ಅದ್ದಿ ಅದ್ದಿ ನುಂಗಿ ಎದ್ದರೆ ರಾಗಿಗೆ ಕೆಟ್ಟ ಹೆಸರು.

ಮದುವೆಮನೆ ಎಲೆ ಮುಂದೆ ನಿಮ್ಮ ಅವಸ್ಥೆ ಒಮ್ಮೆ ನೆನೆಸ್ಕೊಳ್ಳಿ. ಮೊದಲು ಬರೋದು ಕೋಸಂಬರಿ, ಪಲ್ಯ. ಹಿರಿಯರು ಮಾಡಿಟ್ಟ ಏರ್ಪಾಡು ಅದು. ನೀವು ಅದನ್ನ ಎಲೆ ಅಲಂಕಾರ ಅಂತ ಬಿಟ್ಟು, ಕುತ್ತಿಗೆ ಉದ್ದ ಮಾಡಿ ಅನ್ನದ ಬಕೆಟ್ ಎಲ್ಲಿಗೆ ಬಂತು ಅಂತ ನೋಡ್ತಿರ್ತೀರಿ. ಹೆಸರುಬೇಳೆ, ತರಕಾರಿ ಮೊದಲು ಹೊಟ್ಟೆಗೆ ಹೋದ್ರೆ ಆಮೇಲೆ ಹೋಗೋ ಅನ್ನದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಏರುತ್ತೆ. ಸಂಶೋಧಕರು ಈಗ ಅಳೆದು ಹೇಳ್ತಿದ್ದಾರೆ. ಕೋಸಂಬರಿ ಪಾಪ ಎಲೆ ತುದೀಲಿ ಕೂತು ಎಷ್ಟು ಕಾಲದಿಂದ ನಿಮ್ಮನ್ನೇ ನೋಡ್ತಿದೆ.

ಉಪ್ಪಿನದ್ದು ಬೇಗ ಹೇಳಿಬಿಡ್ತೀನಿ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಒಳಗೆ, ಅಂದ್ರೆ ಒಂದು ಟೀ ಚಮಚಕ್ಕಿಂತ ಕಮ್ಮಿ. ನೀವು ಮೇಲೆ ಉಪ್ಪು ಹಾಕ್ಕೊಳ್ಳಲ್ಲ, ನಿಜ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ ಹಾಕ್ಕೊಳ್ತೀರಿ, ಅಷ್ಟೆ. ಗುಲಾಬಿ ಬಣ್ಣದ ಉಪ್ಪು ತಂದಿಟ್ಟು ಬಿಪಿ ಇಳಿಯುತ್ತೆ ಅಂತ ಕಾಯ್ತಿರೋರಿಗೆ ಒಂದು ಮಾತು: ಅದೂ ಸೋಡಿಯಂ ಕ್ಲೋರೈಡೇ. ಬಿಪಿ 140/90 ದಾಟಿದ್ರೂ ಎಷ್ಟೋ ಜನಕ್ಕೆ ಏನೂ ಗೊತ್ತಾಗಲ್ಲ. ತಲೆ ನೋವು ಬಂದ್ರೆ ಬಿಪಿ, ಬರದಿದ್ರೆ ಇಲ್ಲ ಅನ್ನೋ ನಿಮ್ಮ ಶಾಸ್ತ್ರವನ್ನ ಮಡಚಿಡಿ.

ಕೈ ತೊಳೆಯೋದು ಹೇಳ್ಲಾ ಬೇಡ್ವಾ? ಹೇಳೇಬಿಡ್ತೀನಿ. ಊಟ ಆದ ಮೇಲೆ ಹುಳಿ ವಾಸನೆ ಹೋಗಬೇಕು ಅಂತ ಸೋಪು ಹಚ್ಚಿ ಗಸಗಸ ಉಜ್ಜಿ, ಮೂಸಿ ನೋಡಿ, ಮತ್ತೆ ಉಜ್ತೀರಿ. ಊಟಕ್ಕೆ ಮುಂಚೆ? ನಲ್ಲಿ ಕೆಳಗೆ ಮೂರು ಬೆರಳ ತುದಿ ತೋರಿಸಿ ಪಂಚೆಗೆ ಒರೆಸ್ಕೊಳ್ತೀರಿ. ಇಡೀ ದಿನ ಬಸ್ಸಿನ ಕಂಬಿ, ನೋಟು, ಮೊಬೈಲು ಮುಟ್ಟಿದ ಕೈ ಅದು! ವಾಂತಿ-ಭೇದಿ, ಟೈಫಾಯ್ಡ್ ತಡೆಯೋಕೆ ಸೋಪು ಬೇಕಿರೋದು ಊಟಕ್ಕೆ ಮುಂಚೆ, ಸುಮಾರು 20 ಸೆಕೆಂಡ್. 2020ರಲ್ಲಿ ಎಷ್ಟು ನಿಷ್ಠೆಯಿಂದ ತೊಳೀತಿದ್ರಿ, ಹಾಲಿನ ಪ್ಯಾಕೆಟ್ಟಿಗೂ ಸ್ನಾನ ಮಾಡಿಸಿದೋರು ನೀವು. ಆ ಸ್ಯಾನಿಟೈಸರ್ ಬಾಟಲಿ ಈಗೆಲ್ಲಿದೆ? ಟಿವಿ ಹಿಂದೆ, ಧೂಳು ತಿಂತಾ.

ಮನೆ ನಡೆಸೋ ಅಮ್ಮಂದಿರೇ, ನಿಮ್ಮನ್ನ ಬಿಟ್ಟೆ ಅಂದ್ಕೊಂಡ್ರಾ? “ನಾನು ಇಡೀ ದಿನ ನಿಂತೇ ಇರ್ತೀನಿ, ನನಗ್ಯಾಕೆ ವಾಕಿಂಗು” ಅಂತೀರಿ. ನಿಲ್ಲೋದು ನಡಿಗೆ ಅಲ್ಲ. ಉಸಿರು ಬಿರುಸಾಗೋ ಹಾಗೆ ಮನೆ ಒರೆಸಿದ್ರೆ ಅದು ಲೆಕ್ಕಕ್ಕಿದೆ, ಒಲೆ ಮುಂದೆ ನಿಂತಿದ್ದಕ್ಕೆ ಅಷ್ಟು ಮಾರ್ಕ್ಸ್ ಸಿಗಲ್ಲ. ಮಿಕ್ಕಿದ ಚಿತ್ರಾನ್ನ ಬಿಸಾಡೋದಾ ಅಂತ ಎಲ್ಲರ ಊಟ ಆದ ಮೇಲೆ ಬಾಯಿಗೆ ಹಾಕ್ಕೊಳ್ತೀರಲ್ಲ, ಅದನ್ನ ಇವತ್ತೇ ನಿಲ್ಲಿಸಿ. ನಾಳೆ ಒಂದು ಪಾವು ಅಕ್ಕಿ ಕಮ್ಮಿ ಹಾಕಿ. ಅವರವರ ತಟ್ಟೇಲಿ ಬಿಟ್ಟಿದ್ದನ್ನ ಅವರವರೇ ಮುಗಿಸ್ಲಿ.

ನಿದ್ದೆ ಏಳು ಗಂಟೆ ಬೇಕು. “ಮಲಗೇ ಇದ್ದೀನಿ” ಅಂತ ಹಾಸಿಗೇಲಿ ರೀಲ್ಸ್ ನೋಡೋದು ಆ ಏಳರಲ್ಲಿ ಬರಲ್ಲ. ಬೀಡಿ, ಸಿಗರೇಟು, ಗುಟ್ಕಾ ಬಗ್ಗೆ ನಾನು ತಮಾಷೆ ಮಾಡಲ್ಲ. ಬಿಡಿ, ಅಷ್ಟೆ.

ಹಲ್ಲುಜ್ಜೋದು ಮಾತ್ರ ಸ್ವಲ್ಪ ಉಪಯೋಗದ ಗುಟ್ಟು. ಬೆಳಿಗ್ಗೆ ಎಲ್ಲರೂ ಉಜ್ತೀರಿ, ರಾತ್ರಿ ಅಂದ್ರೆ ಮೈಯೆಲ್ಲ ಭಾರ. ನಿದ್ದೆಯಲ್ಲಿ ಬಾಯಿಯ ಜೊಲ್ಲು ಕಮ್ಮಿ ಆಗುತ್ತೆ, ಹಲ್ಲಿನ ಸಂದಿಯ ಸೂಕ್ಷ್ಮಜೀವಿಗಳಿಗೆ ಅದೇ ಹಬ್ಬ. ವಸಡಿನ ಕಾಯಿಲೆ ಸಕ್ಕರೆ ಹತೋಟಿ ತಪ್ಪಿಸುತ್ತೆ, ಸಕ್ಕರೆ ಏರಿದ್ರೆ ವಸಡು ಕೆಡುತ್ತೆ, ಎರಡೂ ಪರಸ್ಪರ ಸಾಥ್ ಕೊಡ್ತವೆ. ಊಟ ಆಗಿ ಸ್ವಲ್ಪ ಹೊತ್ತಿಗೆ ಉಜ್ಜಿಬಿಟ್ರೆ ಇನ್ನೊಂದು ಲಾಭ: ಹತ್ತೂವರೆಗೆ ಕೋಡುಬಳೆ ಡಬ್ಬಿ ಕರೆದಾಗ ಮತ್ತೆ ಉಜ್ಜಬೇಕಲ್ಲ ಅನ್ನೋ ಸೋಮಾರಿತನ ನಿಮ್ಮನ್ನ ಕಾಪಾಡುತ್ತೆ. ನಿಮ್ಮ ಸೋಮಾರಿತನಕ್ಕೂ ಒಂದು ಕೆಲಸ ಸಿಕ್ಕಿದ ಹಾಗಾಯ್ತು.

ಮೂವತ್ತು ದಾಟಿದೋರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ಪರೀಕ್ಷೆ ಉಚಿತ. ಪುಕ್ಕಟೆ ಅಂದ್ರೆ ಎಲ್ಲಿದ್ರೂ ಓಡೋರು ನೀವು, ಇದಕ್ಕೂ ಓಡಿ.

ಎಲ್ಲಾನೂ ಒಟ್ಟಿಗೆ ಶುರು ಮಾಡ್ತೀನಿ, ಮುಂದಿನ ಯುಗಾದಿಯಿಂದ, ಅಂತ ಡೈರಿ ತೆಗೀಬೇಡಿ. ಇವತ್ತು ರಾತ್ರಿ ಊಟ ಆದ ತಕ್ಷಣ ಹತ್ತು ನಿಮಿಷ ಬೀದಿಗೆ ಇಳಿಯಿರಿ. ಊಟದ ಸಕ್ಕರೆ ರಕ್ತಕ್ಕೆ ಏರೋ ಹೊತ್ತು ಅದು, ಕಾಲಾಡಿಸಿದ್ರೆ ಆ ಏರಿಕೆ ತಗ್ಗುತ್ತೆ. ಪಂಚೆ ಉಟ್ಟಿದ್ರೂ ಪರ್ವಾಗಿಲ್ಲ, ಚಪ್ಪಲಿ ಸಾಕು. ಮೂಲೆ ಮನೆ ರಾಯರು ಸಿಕ್ಕಿ ಮಾತಿಗೆ ಎಳೆದ್ರೆ ಅವರನ್ನೂ ಕರ್ಕೊಂಡು ನಡೀರಿ. ಅವರ ಜಗಲಿ ಮೇಲೆ ಮಾತ್ರ ಕೂತ್ಕೋಬೇಡಿ. ಕೂತ್ರೆ ಕಾಫಿ ತರ್ತಾರೆ.